ಎರಡು ಪಾಠಗಳ ನಡುವಿನ ಸಂವಾದ: ವೈತಂಗಿ ಒಪ್ಪಂದ ಮತ್ತು 'ತಪ್ಪನುವಾದ'ದ ವಾದ

ಸಾರಾಂಶ: 1840ರ ವೈತಂಗಿ ಒಪ್ಪಂದದ ಆಂಗ್ಲ ಹಾಗೂ ಮಾವೋರಿ ಪಾಠಗಳ ನಡುವಿನ ಅಂತರವನ್ನು ವಸಾಹತೋತ್ತರ ವಿಮರ್ಶೆಯು ಸಾಮಾನ್ಯವಾಗಿ ತಪ್ಪನುವಾದವೆಂದೋ ಅನುವಾದದ ಮೂಲಕ ನಡೆದ ವಂಚನೆಯೆಂದೋ ವಿವರಿಸುತ್ತ ಬಂದಿದೆ. ಈ ವಿವರಣೆಯು ಆಂಗ್ಲ ಪಾಠವೇ ಮೂಲವೆಂಬುದನ್ನು ಪರೀಕ್ಷಿಸದೆ ಒಪ್ಪಿಕೊಳ್ಳುತ್ತದೆ ಎಂಬುದು ನಮ್ಮ ವಾದ. ಪದರಚನೆ, ಪದಗಳ ಪೂರ್ವಬಳಕೆ ಮತ್ತು ಮಾತಿನ ಸಂದರ್ಭ ಎಂಬ ಮೂರು ನೆಲೆಗಳಿಂದ ಮಾವೋರಿ ಪಾಠವನ್ನು ಪರಿಶೀಲಿಸಿ, ಎರಡು ಪಾಠಗಳ ಸ್ಥಾನದಲ್ಲಿ 'ತತ್ತ್ವ'ಗಳನ್ನು ಇರಿಸುವ ಕ್ರಮವನ್ನು ಮೂರನೆಯ ಅನುವಾದವೆಂದು ಇಲ್ಲಿ ಗುರುತಿಸಲಾಗಿದೆ. ರಾಜಕೀಯ ಸಂಘರ್ಷದಲ್ಲಿ ಸಂವಾದ ಮುಂದುವರಿಯಬೇಕಾದರೆ ಎರಡು ಪಾಠಗಳು ಎರಡಾಗಿಯೇ ಓದಲ್ಪಡಬೇಕು ಎಂಬುದು ಲೇಖನದ ನಿಲುವು.

ಕೀಲಿಪದಗಳು: ವೈತಂಗಿ ಒಪ್ಪಂದ, ಮಾವೋರಿ ಭಾಷೆ, ವಸಾಹತೋತ್ತರ ಅನುವಾದ, ಸಾರ್ವಭೌಮತ್ವ, ಮರುಅನುವಾದ

1. ಪ್ರಸ್ತಾವನೆ

2025ರ ಏಪ್ರಿಲ್ 10ರಂದು ನ್ಯೂಜಿಲೆಂಡಿನ ಸಂಸತ್ತು ಒಂದು ಮಸೂದೆಯನ್ನು 112–11 ಮತಗಳಿಂದ ತಿರಸ್ಕರಿಸಿತು. 1840ರಲ್ಲಿ ಬ್ರಿಟಿಷ್ ಅರಸೊತ್ತಿಗೆಗೂ ಮಾವೋರಿ ಮುಖ್ಯಸ್ಥರಿಗೂ ನಡುವೆ ಆದ ವೈತಂಗಿ ಒಪ್ಪಂದದ 'ತತ್ತ್ವಗಳು' ಯಾವುವೆಂಬುದನ್ನು ಶಾಸನದ ಮೂಲಕವೇ ನಿಗದಿಗೊಳಿಸಲು ಆ ಮಸೂದೆ ಹೊರಟಿತ್ತು. 2024ರ ನವೆಂಬರಿನಲ್ಲಿ ಅದು ಮಂಡನೆಯಾದಾಗ ದೇಶದ ಉತ್ತರ ತುದಿಯಿಂದ ರಾಜಧಾನಿ ವೆಲಿಂಗ್ಟನ್‌ವರೆಗೆ ಪ್ರತಿಭಟನಾ ಯಾತ್ರೆ ನಡೆಯಿತು. ಸಂಸದೀಯ ಸಮಿತಿಗೆ 3 ಲಕ್ಷಕ್ಕೂ ಹೆಚ್ಚು ಲಿಖಿತ ಅಭಿಪ್ರಾಯಗಳು ಸಲ್ಲಿಕೆಯಾದವು. ಒಂದು ಒಪ್ಪಂದದ ಅರ್ಥವೇನೆಂಬ ಪ್ರಶ್ನೆ 185 ವರ್ಷಗಳ ನಂತರವೂ ಒಂದು ದೇಶದ ರಾಜಕಾರಣವನ್ನು ಹೀಗೆ ಅಲುಗಿಸಬಲ್ಲುದಾದರೆ, ಅದಕ್ಕೆ ಕಾರಣವನ್ನು ಆ ಒಪ್ಪಂದದ ಭಾಷೆಯಲ್ಲಿಯೂ ಹುಡುಕಬೇಕಾಗುತ್ತದೆ.

ವೈತಂಗಿ ಒಪ್ಪಂದಕ್ಕೆ ಎರಡು ಪಾಠಗಳಿವೆ. ಒಂದು ಆಂಗ್ಲ, ಇನ್ನೊಂದು ಮಾವೋರಿ. ಎರಡೂ ಒಂದೇ ಮಾತನ್ನು ಹೇಳುವುದಿಲ್ಲ. ಈ ಸಂಗತಿ ಇಂದು ಹೊಸದಲ್ಲ. ವಸಾಹತೋತ್ತರ ಅಧ್ಯಯನದ ತರಗತಿಗಳಲ್ಲಿ ಇದು ಸಿದ್ಧ ಉದಾಹರಣೆಯೇ ಆಗಿಬಿಟ್ಟಿದೆ. ಆದರೆ ಸಿದ್ಧ ಉದಾಹರಣೆಗಳು ವಿಚಾರವನ್ನು ಆರಂಭಿಸುವ ಬದಲು ಮುಗಿಸಿಬಿಡುವುದೇ ಹೆಚ್ಚು. 'ವಸಾಹತುಗಾರರು ತಪ್ಪಾಗಿ ಅನುವಾದಿಸಿದರು, ಸ್ಥಳೀಯರು ಮೋಸಹೋದರು' ಎಂಬ ಎರಡು ವಾಕ್ಯಗಳಲ್ಲಿ ಈ ಪ್ರಕರಣವನ್ನು ಸಂಗ್ರಹಿಸುವ ವಾಡಿಕೆ ಬೆಳೆದಿದೆ. ಈ ವಾಡಿಕೆಯಲ್ಲಿ ನ್ಯಾಯದ ಕಾಳಜಿಯಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಯಾರ ಪರವಾಗಿ ಮಾತನಾಡುತ್ತಿದೆಯೆಂದು ತಿಳಿದಿದೆಯೋ ಅವರ ಪಾಠವನ್ನೇ ಎರಡನೆಯ ದರ್ಜೆಗೆ ಇಳಿಸುತ್ತದೆ. ಈ ವಿಪರ್ಯಾಸವನ್ನು ವಿವರಿಸುವುದು ಮತ್ತು ಅದರಿಂದ ಅನುವಾದ ಚಿಂತನೆಗೆ ಒದಗುವ ಪಾಠವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪಾಠಗಳ ಸ್ವರೂಪ

ಕ್ಯಾಪ್ಟನ್ ವಿಲಿಯಂ ಹಾಬ್ಸನ್ 1840ರ ಜನವರಿಯ ಕೊನೆಯಲ್ಲಿ ನ್ಯೂಜಿಲೆಂಡಿಗೆ ಬಂದಿಳಿದರು. ಆಂಗ್ಲ ಕರಡನ್ನು ಅವರೂ ಅವರ ಕಾರ್ಯದರ್ಶಿಯೂ ಅಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಜೇಮ್ಸ್ ಬಸ್ಬಿಯೂ ಸೇರಿ ಸಿದ್ಧಪಡಿಸಿದರು. ಫೆಬ್ರವರಿ 4ರಂದು ಆ ಕರಡು ಚರ್ಚ್ ಮಿಷನರಿ ಸೊಸೈಟಿಯ ಹೆನ್ರಿ ವಿಲಿಯಮ್ಸ್ ಅವರ ಕೈಸೇರಿತು. ಅವರೂ ಅವರ ಮಗ ಎಡ್ವರ್ಡ್ ಕೂಡಿ ಒಂದೇ ರಾತ್ರಿಯಲ್ಲಿ ಅದನ್ನು ಮಾವೋರಿಗೆ ತಂದರು. ಮರುದಿನ ನೆರೆದ ಮುಖ್ಯಸ್ಥರ ಮುಂದೆ ಅದನ್ನು ಓದಿ ಚರ್ಚಿಸಲಾಯಿತು. 6ರಂದು ಸಹಿಗಳು ಆರಂಭವಾದವು. ಅನಂತರದ ತಿಂಗಳುಗಳಲ್ಲಿ ಪ್ರತಿಗಳು ದ್ವೀಪಗಳನ್ನು ಸುತ್ತಿದವು. ಒಟ್ಟು 500ಕ್ಕೂ ಹೆಚ್ಚು ಮುಖ್ಯಸ್ಥರು ತಮ್ಮ ಹೆಸರನ್ನೋ ಗುರುತನ್ನೋ ಹಾಕಿದರು. ಅವರಲ್ಲಿ ಆಂಗ್ಲ ಪಾಠದ ಹಾಳೆಗೆ ಸಹಿ ಹಾಕಿದವರು 39 ಮಂದಿ ಮಾತ್ರ. ಉಳಿದವರೆಲ್ಲರೂ ಸಮ್ಮತಿಸಿದ್ದು ಮಾವೋರಿ ಪಾಠಕ್ಕೆ.

ಒಪ್ಪಂದದಲ್ಲಿ ಒಂದು ಪೀಠಿಕೆ ಮತ್ತು ಮೂರು ವಿಧಿಗಳಿವೆ. ಮೊದಲ ವಿಧಿಯ ಆಂಗ್ಲ ಪಾಠದ ಪ್ರಕಾರ ಮುಖ್ಯಸ್ಥರು ರಾಣಿಗೆ ಬಿಟ್ಟುಕೊಡುವುದು ಸಾರ್ವಭೌಮತ್ವದ ಸಕಲ ಹಕ್ಕು ಮತ್ತು ಅಧಿಕಾರಗಳನ್ನು. ಮಾವೋರಿ ಪಾಠದ ಪ್ರಕಾರ ಅವರು ಕೊಡುವುದು 'ಕಾವನತಂಗ'ವನ್ನು. ಎರಡನೆಯ ವಿಧಿಯ ಆಂಗ್ಲ ಪಾಠವು ಭೂಮಿ, ಅರಣ್ಯ, ಮೀನುಗಾರಿಕೆ ಮೊದಲಾದ ಆಸ್ತಿಗಳ ನಿರಾತಂಕ ಸ್ವಾಧೀನವನ್ನು ಮಾವೋರಿಗಳಿಗೆ ಖಚಿತಪಡಿಸುತ್ತದೆ. ಮಾವೋರಿ ಪಾಠವು ಖಚಿತಪಡಿಸುವುದು ನೆಲ, ನೆಲೆ ಮತ್ತು ಎಲ್ಲ 'ತಾಓಂಗ'ಗಳ, ಅಂದರೆ ಅಮೂಲ್ಯವೆಂದು ಕಾಪಿಟ್ಟುಕೊಂಡ ಎಲ್ಲವುಗಳ, 'ತಿನೊ ರಂಗತಿರತಂಗ'ವನ್ನು. ಅದೇ ವಿಧಿಯ ಉತ್ತರಾರ್ಧದಲ್ಲಿ ಭೂಮಿ ಮಾರಾಟದ ವಿಷಯ ಬರುತ್ತದೆ. ಆಂಗ್ಲದಲ್ಲಿ ಅರಸೊತ್ತಿಗೆಗೆ ಮಾತ್ರವೇ ಮೊದಲ ಖರೀದಿಯ ಹಕ್ಕು ಸಲ್ಲುತ್ತದೆ. ಮಾವೋರಿಯಲ್ಲಿರುವುದು ಕೊಳ್ಳುವಿಕೆ, ಮಾರುವಿಕೆ, ವಿನಿಮಯ ಎಲ್ಲಕ್ಕೂ ಸಲ್ಲುವ 'ಹೊಕೊ' ಧಾತುವಿನಿಂದಾದ ನಾಮಪದ. 'ಮಾತ್ರವೇ' ಎಂಬ ನಿರ್ಬಂಧ ಅದರಲ್ಲಿ ಕಾಣುವುದಿಲ್ಲ. ಮೂರನೆಯ ವಿಧಿಯಲ್ಲಿ, ಬ್ರಿಟಿಷ್ ಪ್ರಜೆಗಳ ಹಕ್ಕುಗಳನ್ನು ಮಾವೋರಿಗಳಿಗೂ ವಿಸ್ತರಿಸುವ ಮಾತಿನಲ್ಲಿ, ಪಾಠಗಳು ಬಹುಮಟ್ಟಿಗೆ ಹೊಂದುತ್ತವೆ.

ಒಂದು ಪಾಠದಲ್ಲಿ ಮುಖ್ಯಸ್ಥರು ಪ್ರಭುತ್ವವನ್ನು ಬಿಟ್ಟುಕೊಟ್ಟು ಆಸ್ತಿಯನ್ನು ಉಳಿಸಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಒಂದು ಬಗೆಯ ಆಡಳಿತವನ್ನು ಕೊಟ್ಟು ಪ್ರಭುತ್ವವನ್ನು ಉಳಿಸಿಕೊಳ್ಳುತ್ತಾರೆ. ಅಂತರವಿರುವುದು ಒಂದೊಂದು ಪದದಲ್ಲಿ ಎನ್ನುವುದಕ್ಕಿಂತ ಮೊದಲ ಮತ್ತು ಎರಡನೆಯ ವಿಧಿಗಳ ನಡುವೆ ಅಧಿಕಾರ ಹಂಚಿಕೆಯಾಗುವ ರೀತಿಯಲ್ಲಿ ಎನ್ನುವುದು ಹೆಚ್ಚು ನಿಖರ.

3. 'ಕಾವನತಂಗ' ಮತ್ತು 'ರಂಗತಿರತಂಗ'

ಎರಡು ಪದಗಳ ರಚನೆ ಪಾರದರ್ಶಕ. 'ತಂಗ' ಎಂಬುದು ನಾಮಸಾಧಕ ಪ್ರತ್ಯಯ. ವ್ಯಕ್ತಿವಾಚಕಕ್ಕೆ ಸೇರಿದಾಗ ಆ ವ್ಯಕ್ತಿಯ ಸ್ಥಾನವನ್ನು, ಗುಣವನ್ನು, ಅಧಿಕಾರವನ್ನು ಹೇಳುತ್ತದೆ. ಕನ್ನಡದ 'ತನ' ಪ್ರತ್ಯಯದೊಡನೆ ಇದಕ್ಕಿರುವ ಧ್ವನಿಸಾಮ್ಯ ಆಕಸ್ಮಿಕ, ಆದರೆ ಕಾರ್ಯಸಾಮ್ಯ ಗಮನಾರ್ಹ. 'ರಂಗತಿರ' ಎಂದರೆ ಮುಖ್ಯಸ್ಥ, ಒಡೆಯ. 'ರಂಗತಿರತಂಗ' ಎಂದರೆ ಒಡೆತನ, ಯಜಮಾನಿಕೆ. 'ತಿನೊ' ಅದಕ್ಕೆ ಪೂರ್ಣತೆಯನ್ನೂ ನೈಜತೆಯನ್ನೂ ಸೇರಿಸುವ ವಿಶೇಷಣ. 'ಕಾವನ' ಎಂಬುದು ಆಂಗ್ಲದ 'ಗವರ್ನರ್' ಶಬ್ದದ ಮಾವೋರಿ ರೂಪ. 'ಕಾವನತಂಗ' ಎಂದರೆ ಗವರ್ನರನ ಸ್ಥಾನ ಅಥವಾ ಕಾರ್ಯ.

ಹಳೆಯ ಮೈಸೂರಿನ ಕನ್ನಡದಲ್ಲಿ ಇದಕ್ಕೆ ಸಮೀಪದ ರೂಪವೊಂದಿದೆ: 'ದಿವಾನಗಿರಿ'. ಅನ್ಯಭಾಷೆಯಿಂದ ಬಂದ ಅಧಿಕಾರಿವಾಚಕಕ್ಕೆ ಪ್ರತ್ಯಯ ಸೇರಿ ಅಧಿಕಾರಸ್ಥಾನದ ಹೆಸರಾಗಿದೆ. ಒಬ್ಬರಿಗೆ ದಿವಾನಗಿರಿ ದೊರೆಯಿತು ಎಂದಾಗ ಅರಸೊತ್ತಿಗೆಯೇ ಅವರಿಗೆ ದೊರೆಯಿತೆಂದು ಕನ್ನಡ ಬಲ್ಲ ಯಾರೂ ತಿಳಿಯುವುದಿಲ್ಲ. ದಿವಾನನ ಮೇಲೆ ಒಬ್ಬ ದೊರೆಯಿದ್ದಾನೆ ಎಂಬುದು ಆ ಪದದ ಅರ್ಥದೊಳಗೇ ಇದೆ. 'ಕಾವನ'ನ ವಿಷಯದಲ್ಲಿಯೂ ಹಾಗೆಯೇ. 1840ರ ಮಾವೋರಿಗಳಿಗೆ ಈ ಪದ ಎರಡು ದಾರಿಗಳಿಂದ ಪರಿಚಿತವಾಗಿತ್ತು: ಸಿಡ್ನಿಗೆ ಹೋಗಿಬಂದವರು ನೋಡಿದ್ದ ನ್ಯೂ ಸೌತ್ ವೇಲ್ಸಿನ ಗವರ್ನರರಿಂದ, ಮತ್ತು ಮಿಷನರಿಗಳು ಅನುವಾದಿಸಿದ ಸುವಾರ್ತೆಗಳಲ್ಲಿ ಬರುವ ಪೊಂತ್ಯ ಪಿಲಾತನಿಂದ. ಇಬ್ಬರೂ ಇನ್ನೊಬ್ಬ ದೊರೆಯ ಪರವಾಗಿ ಆಳುವವರು. ಅದೇ ಸುವಾರ್ತೆಗಳಲ್ಲಿ ದೇವರ ರಾಜ್ಯಕ್ಕೆ ಬಳಕೆಯಾದ ಪದವೋ 'ರಂಗತಿರತಂಗ'. ಹೀಗೆ ಮಿಷನರಿಗಳೇ ರೂಢಿಗೊಳಿಸಿದ ಲಿಖಿತ ಮಾವೋರಿಯಲ್ಲಿ ಪಿಲಾತನ ಅಧಿಕಾರಕ್ಕೂ ದೇವರ ಪ್ರಭುತ್ವಕ್ಕೂ ಇರುವಷ್ಟು ದೂರ ಈ ಎರಡು ಪದಗಳ ನಡುವೆ ಏರ್ಪಟ್ಟಿತ್ತು.

ಇನ್ನೊಂದು ಪೂರ್ವಬಳಕೆ ಇದಕ್ಕಿಂತ ನೇರವಾದದ್ದು. 1835ರ ಅಕ್ಟೋಬರ್ 28ರಂದು ಉತ್ತರದ 34 ಮುಖ್ಯಸ್ಥರು ಬಸ್ಬಿಯ ಮುಂದಾಳತ್ವದಲ್ಲಿ ಸ್ವಾತಂತ್ರ್ಯ ಘೋಷಣೆಯೊಂದಕ್ಕೆ ಸಹಿ ಹಾಕಿದ್ದರು. ಅದರ ಮಾವೋರಿ ಪಾಠದಲ್ಲಿ ಸ್ವಾತಂತ್ರ್ಯಕ್ಕೆ 'ರಂಗತಿರತಂಗ' ಎಂದೂ ಸಾರ್ವಭೌಮ ಅಧಿಕಾರಕ್ಕೆ 'ಕೀಂಗಿತಂಗ' ಮತ್ತು 'ಮನ' ಎಂದೂ ಬಳಸಲಾಗಿದೆ. ಈ 'ಮನ'ಕ್ಕೂ ಕನ್ನಡದ 'ಮನ'ಕ್ಕೂ ಸಂಬಂಧವಿಲ್ಲ. ಅದು ವ್ಯಕ್ತಿಯಲ್ಲಿಯೂ ನೆಲದಲ್ಲಿಯೂ ನೆಲೆಸುವ ಅಧಿಕಾರ ಮತ್ತು ಪ್ರಭಾವ. ಆಡಳಿತಕಾರ್ಯ ಎಂಬ ಸೀಮಿತ ಅರ್ಥಕ್ಕೆ ಅದೇ ಘೋಷಣೆಯಲ್ಲಿ ಬಂದಿರುವುದು 'ಕಾವನತಂಗ'. ಐದು ವರ್ಷಗಳ ಹಿಂದೆ ಸಾರ್ವಭೌಮತ್ವಕ್ಕೆ ಸಂವಾದಿಯಾಗಿ ನಿಂತಿದ್ದ ಪದಗಳು 1840ರ ಮೊದಲ ವಿಧಿಯಲ್ಲಿ ಇಲ್ಲ. ಸ್ವಾತಂತ್ರ್ಯಕ್ಕೆ ಸಂವಾದಿಯಾಗಿದ್ದ ಪದ ಎರಡನೆಯ ವಿಧಿಯಲ್ಲಿ ಮಾವೋರಿಗಳಿಗೇ ಖಚಿತಪಡಿಸಲ್ಪಟ್ಟಿದೆ. ಮಾವೋರಿಯಲ್ಲಿ ಸಾರ್ವಭೌಮತ್ವಕ್ಕೆ ಪದವಿರಲಿಲ್ಲ ಎಂಬ ವಿವರಣೆ ಇದರಿಂದ ನಿಲ್ಲದಾಗುತ್ತದೆ. ಪದಗಳಿದ್ದವು, ಆದರೆ ಅವು ಬೇಕಾದ ಕಡೆ ಬಳಕೆಯಾಗಲಿಲ್ಲ.

4. 'ತಪ್ಪನುವಾದ'ದ ವಾದ ಮತ್ತು ಅದರ ತೊಡಕುಗಳು

ಇಷ್ಟನ್ನು ಕಂಡ ಕೂಡಲೇ 'ತಪ್ಪನುವಾದ' ಎಂಬ ತೀರ್ಮಾನ ಸಹಜವಾಗಿ ಮೂಡುತ್ತದೆ. ವಿಲಿಯಮ್ಸ್ ಅವರು 'ಮನ' ಎಂಬ ಪದವನ್ನು ಉದ್ದೇಶಪೂರ್ವಕವಾಗಿ ಬಿಟ್ಟರು, ಅದನ್ನು ಬಳಸಿದ್ದರೆ ಯಾರೂ ಸಹಿ ಹಾಕುತ್ತಿರಲಿಲ್ಲ ಎಂಬ ವಾದ ಬಹುಕಾಲದಿಂದ ಇದೆ. ಅವಸರದಲ್ಲಿ, ಇತಿಮಿತಿಗಳ ನಡುವೆ ಮಾಡಿದ ಪ್ರಾಮಾಣಿಕ ಯತ್ನವದು ಎಂಬ ಪ್ರತಿವಾದವೂ ಇದೆ. ಇವೆರಡೂ ಅನುವಾದಕನ ಮನಸ್ಸನ್ನು ಕುರಿತ ವಾದಗಳು. ನಮ್ಮ ಆಕ್ಷೇಪ ಇವೆರಡಕ್ಕೂ ಸಮಾನವಾದ ತಳಹದಿಯ ಮೇಲಿದೆ.

ತಪ್ಪನುವಾದ ಎನ್ನಬೇಕಾದರೆ ಮೂಲವೊಂದು ಇರಬೇಕು. 1972ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇತಿಹಾಸಕಾರ್ತಿ ರೂತ್ ರಾಸ್ ಅವರು ಈ ಮೂಲದ ಪ್ರಶ್ನೆಯನ್ನೇ ಎತ್ತಿದರು. ಹಾಬ್ಸನ್ ದೇಶದ ಹೊರಗೆ ಕಳುಹಿಸಿದ ಆಂಗ್ಲ ಪ್ರತಿಗಳಲ್ಲಿಯೇ ಪರಸ್ಪರ ವ್ಯತ್ಯಾಸಗಳಿದ್ದವು ಎಂಬುದನ್ನು ತೋರಿಸಿ, ವೈತಂಗಿಯಲ್ಲಿ ಆದ ಒಪ್ಪಂದವೆಂದರೆ ಮಾವೋರಿ ಪಾಠವೇ ಎಂಬ ಕಡೆಗೆ ಅವರು ಗಮನ ಸೆಳೆದರು. ಕಾಲದ ಕ್ರಮದಲ್ಲಿ ಆಂಗ್ಲ ಕರಡು ಮೊದಲು ಬಂದಿತು ನಿಜ. ಆದರೆ ಕರಡು ಒಪ್ಪಂದವಲ್ಲ. ಒಪ್ಪಂದ ಎಂಬುದು ಒಂದು ಭಾಷಾಕ್ರಿಯೆ. ಅದು ಸಂಭವಿಸುವುದು ಸಮ್ಮತಿಯ ಕ್ಷಣದಲ್ಲಿ. ಆ ಕ್ಷಣದಲ್ಲಿ ಎರಡು ಪಕ್ಷಗಳ ನಡುವೆ ಇದ್ದದ್ದು ಮಾವೋರಿ ಪಾಠ. ಅದನ್ನು 'ತಪ್ಪನುವಾದ' ಎಂದು ಕರೆದಾಗ, ಸರಿಯಾದದ್ದು ಬೇರೆಲ್ಲೋ ಇದೆ, ಅದು ಆಂಗ್ಲದಲ್ಲಿದೆ ಎಂದು ಒಪ್ಪಿಕೊಂಡಂತಾಗುತ್ತದೆ. ಮಾವೋರಿಗಳ ಪರವಾದ ಆರೋಪವೇ ಅವರು ಸಹಿ ಹಾಕಿದ ದಾಖಲೆಯನ್ನು ದೋಷಯುಕ್ತ ನಕಲಾಗಿ ಮಾಡುತ್ತದೆ.

ವಸಾಹತೋತ್ತರ ಅನುವಾದ ಚಿಂತನೆಯ ಪ್ರಮುಖ ಕೃತಿಗಳು ಈ ತೊಡಕನ್ನು ಎದುರಿಸಲು ಎಷ್ಟರಮಟ್ಟಿಗೆ ನೆರವಾಗುತ್ತವೆ? ತಲಾಲ್ ಅಸದ್ ಅವರು 1986ರಲ್ಲಿ ಮಂಡಿಸಿದ ಭಾಷೆಗಳ ಅಸಮಾನತೆಯ ವಿಚಾರವು, ದುರ್ಬಲ ಭಾಷೆಗಳು ಪ್ರಬಲ ಭಾಷೆಗಳ ಕಡೆಗೆ ಬಾಗುವ ಒತ್ತಡವನ್ನು ವಿವರಿಸುತ್ತದೆ. ತೇಜಸ್ವಿನಿ ನಿರಂಜನ ಅವರ 1992ರ ಕೃತಿಯು, ಅನುವಾದವು ವಸಾಹತಿನ ಪ್ರಜೆಯನ್ನು ರೂಪಿಸುವ ತಾಣವೆಂಬುದನ್ನು ಸ್ಥಾಪಿಸಿತು. ಅಲ್ಲಮನ ವಚನವೊಂದರ ಮರುಅನುವಾದದ ಮೂಲಕ ಪ್ರತಿರೋಧದ ಮಾರ್ಗವನ್ನೂ ಸೂಚಿಸಿತು. ಆದರೆ ಈ ಚರ್ಚೆಗಳಲ್ಲಿ ಅನುವಾದವು ಮುಖ್ಯವಾಗಿ ಹರಿಯುವುದು ಆಳಲ್ಪಟ್ಟವರ ಭಾಷೆಯಿಂದ ಆಳುವವರ ಭಾಷೆಗೆ. ವೈತಂಗಿಯಲ್ಲಿ ದಿಕ್ಕು ತಿರುಗಿದೆ. ಆಳಲು ಬಂದವರ ಪಾಠ ಸ್ಥಳೀಯ ಭಾಷೆಯನ್ನು ಹೊಕ್ಕಿದೆ. ಹಾಗೆ ಹೊಕ್ಕ ಪಾಠ ಅನುವಾದಕನ ಹಿಡಿತದಲ್ಲಿ ಉಳಿಯುವುದಿಲ್ಲ. ಆ ಭಾಷೆಯ ಪೂರ್ವಬಳಕೆಗಳು ಅದನ್ನು ತಮ್ಮದಾಗಿಸಿಕೊಳ್ಳುತ್ತವೆ. ಸ್ಪ್ಯಾನಿಷ್ ಮಿಷನರಿಗಳ ಮಾತು ತಗಾಲೊಗ್ ಭಾಷಿಕರ ಕಿವಿಯಲ್ಲಿ ಬೇರೆಯಾಗಿ ಕೇಳಿಸಿದ ಬಗೆಯನ್ನು ವಿಸೆಂಟೆ ರಫಾಯೆಲ್ ಅವರು 1988ರ ಅಧ್ಯಯನದಲ್ಲಿ ತೋರಿಸಿದ್ದು ಈ ದಿಕ್ಕಿನ ಮುಖ್ಯ ಹೆಜ್ಜೆ. ವೈತಂಗಿಯ ವಿಶೇಷವೆಂದರೆ ಹಾಗೆ ಬೇರೆಯಾಗಿ ಕೇಳಿಸಿದ ಮಾತಿಗೆ ಎರಡೂ ಪಕ್ಷಗಳ ಸಹಿ ಇದೆ.

5. ಮಾತಿನ ಸಂದರ್ಭ

ಪಾಠಗಳ ಹೋಲಿಕೆಯಲ್ಲಿಯೇ ನಿಲ್ಲುವ ವಿಮರ್ಶೆಗೆ ಇನ್ನೊಂದು ಮಿತಿಯಿದೆ. 1985ರಲ್ಲಿ ಗ್ರಂಥವಿಜ್ಞಾನಿ ಡಿ. ಎಫ್. ಮೆಕೆಂಜಿ ಅವರು ನೆನಪಿಸಿದಂತೆ, 1840ರ ಮಾವೋರಿ ಸಮಾಜದಲ್ಲಿ ಮಾತಿಗೆ ಇದ್ದ ಬೆಲೆ ಬರಹಕ್ಕೆ ಇನ್ನೂ ಬಂದಿರಲಿಲ್ಲ. ಫೆಬ್ರವರಿ 5ರ ದಿನವಿಡೀ ನಡೆದ ಚರ್ಚೆಯೂ ಒಪ್ಪಂದದ ಭಾಗವೇ. ಆ ಚರ್ಚೆಗೆ ಸಾಕ್ಷಿಯಾಗಿದ್ದ ಮಿಷನ್ ಮುದ್ರಕ ವಿಲಿಯಂ ಕೊಲೆನ್ಸೊ, ಸಹಿಯ ವೇಳೆಗೆ ಮುಖ್ಯಸ್ಥರಿಗೆ ಒಪ್ಪಂದದ ಅರ್ಥ ತಿಳಿದಿದೆಯೇ ಎಂದು ಹಾಬ್ಸನ್ನರ ಮುಂದೆ ಸಂಶಯ ವ್ಯಕ್ತಪಡಿಸಿದ್ದರು. ಅವರ ವೃತ್ತಾಂತ ಅಚ್ಚಾದದ್ದು 1890ರಲ್ಲಿ, ಘಟನೆಯ ಅರ್ಧ ಶತಮಾನದ ನಂತರ.

ಪ್ರತಿಯೊಬ್ಬ ಮುಖ್ಯಸ್ಥ ಸಹಿ ಹಾಕಿದಾಗಲೂ ಹಾಬ್ಸನ್ ಮಾವೋರಿಯಲ್ಲಿ ಒಂದು ಪುಟ್ಟ ವಾಕ್ಯ ನುಡಿದರೆಂದು ಕೊಲೆನ್ಸೊ ದಾಖಲಿಸಿದ್ದಾರೆ. ನ್ಯೂಜಿಲೆಂಡಿನ ಸಾರ್ವಜನಿಕ ಚರ್ಚೆಯಲ್ಲಿ ಆ ವಾಕ್ಯವನ್ನು 'ನಾವೀಗ ಒಂದೇ ಜನ' ಎಂಬ ಅರ್ಥದಲ್ಲಿ ಎಲ್ಲರಿಗೂ ಒಂದೇ ಕಾನೂನು ಎಂಬ ವಾದಕ್ಕೆ ಆಧಾರವಾಗಿ ಉದ್ಧರಿಸುವುದುಂಟು. ಅದರಲ್ಲಿ ಎರಡು ಪದಗಳು ಭಾಷಾವಿಜ್ಞಾನಿಯ ಗಮನಕ್ಕೆ ಅರ್ಹ. 'ಇವಿ' ಎಂಬುದಕ್ಕೆ ಕುಲ, ಜನಸಮುದಾಯ ಎಂಬ ಅರ್ಥಗಳಿವೆ. ಆಧುನಿಕ ರಾಷ್ಟ್ರದ ಅವಿಭಕ್ತ ಪ್ರಜಾಸಮೂಹ ಎಂಬ ಅರ್ಥವನ್ನು ಅದರಲ್ಲಿ ಓದುವುದು ಕಾಲವಿಪರ್ಯಾಸ. ಇನ್ನೊಂದು 'ತಾತೌ' ಎಂಬ ಸರ್ವನಾಮ. ಮಾವೋರಿಯಲ್ಲಿ ಉತ್ತಮಪುರುಷ ಬಹುವಚನಕ್ಕೆ ಕೇಳುಗನನ್ನು ಒಳಗೊಳ್ಳುವ 'ತಾತೌ' ಮತ್ತು ಹೊರಗಿಡುವ 'ಮಾತೌ' ಎಂಬ ಎರಡು ರೂಪಗಳಿವೆ. ದ್ರಾವಿಡ ಭಾಷೆಗಳ ಅಧ್ಯೇತೃಗಳಿಗೆ ಈ ಭೇದ ಅಪರಿಚಿತವಲ್ಲ. ಮೂಲದ್ರಾವಿಡಕ್ಕೆ ಅದನ್ನು ಪುನಾರಚಿಸಲಾಗಿದೆ. ತೆಲುಗಿನ 'ಮನಮು' ಮತ್ತು 'ಮೇಮು', ತಮಿಳಿನ 'ನಾಮ್' ಮತ್ತು 'ನಾಂಗಳ್' ರೂಪಗಳಲ್ಲಿ ಅದು ಜೀವಂತವಾಗಿದೆ. ಇಂದಿನ ಶಿಷ್ಟ ಕನ್ನಡದಲ್ಲಿ ಎರಡಕ್ಕೂ 'ನಾವು' ಒಂದೇ, ಆಂಗ್ಲದಲ್ಲಿಯೂ ಹಾಗೆಯೇ.

ಒಳಗೊಳ್ಳುವ ಸರ್ವನಾಮವು ಮಾತನಾಡುವವರೂ ಕೇಳುವವರೂ ಇಬ್ಬರಿದ್ದಾರೆ ಎಂಬುದನ್ನು ಮೊದಲು ಗುರುತಿಸಿ, ಆಮೇಲೆ ಅವರನ್ನು ಕೂಡಿಸುತ್ತದೆ. ಹಾಗೆ ಗುರುತಿಸಲು ಹೊರಗಿಡುವ ರೂಪವೊಂದು ಭಾಷೆಯಲ್ಲಿ ಎದುರಿಗೆ ನಿಂತಿರಬೇಕು. 'ತಾತೌ' ಎಂದಾಗ 'ಮಾತೌ' ಅಳಿದುಹೋಗುವುದಿಲ್ಲ. ಹೇಳುವವನಿಗೆ ತನ್ನವರೂ ಕೇಳುವವನಿಗೆ ತನ್ನವರೂ ಇದ್ದೇ ಇರುತ್ತಾರೆ. ಆಂಗ್ಲದ ಅಥವಾ ಕನ್ನಡದ ಒಂದೇ ಸರ್ವನಾಮದಲ್ಲಿ ಈ ಹಿನ್ನೆಲೆ ಕಾಣದಾಗುತ್ತದೆ, ಕೂಡಿಕೆಯು ವಿಲೀನದಂತೆ ತೋರುತ್ತದೆ. ಸರ್ವನಾಮದ ವ್ಯವಸ್ಥೆಯೊಂದರಿಂದಲೇ ರಾಜಕೀಯ ಸಿದ್ಧಾಂತವನ್ನು ಹೊರಡಿಸಲಾಗದು ಎಂಬ ಎಚ್ಚರ ನಮಗಿದೆ. ಆದರೆ ಆ ವಾಕ್ಯವನ್ನು ವಿಲೀನದ ಸಾಕ್ಷಿಯಾಗಿ ಉದ್ಧರಿಸುವವರು ಆಧರಿಸುತ್ತಿರುವುದು ಅದರ ಅನುವಾದವನ್ನು, ಮಾವೋರಿ ವಾಕ್ಯವನ್ನಲ್ಲ ಎಂದಷ್ಟು ಹೇಳಬಹುದು.

6. ಮೂರನೆಯ ಅನುವಾದ: 'ತತ್ತ್ವಗಳು'

1840ರ ಮೇ 21ರಂದೇ ಹಾಬ್ಸನ್ ಇಡೀ ದೇಶದ ಮೇಲೆ ಬ್ರಿಟಿಷ್ ಸಾರ್ವಭೌಮತ್ವವನ್ನು ಘೋಷಿಸಿದರು. ಅಲ್ಲಿಂದಾಚೆಗೆ ಆಡಳಿತ ನಡೆದದ್ದು ಆಂಗ್ಲ ಪಾಠದ ಮೇಲೆ. 1860ರ ದಶಕದ ಯುದ್ಧಗಳು, 1863ರ ಕಾಯಿದೆಯಡಿ ನಡೆದ ಭೂಮಿಯ ಮುಟ್ಟುಗೋಲು ಇವೆಲ್ಲದರ ನಂತರ, 1877ರಲ್ಲಿ ಮುಖ್ಯ ನ್ಯಾಯಾಧೀಶ ಪ್ರೆಂಡರ್ಗಾಸ್ಟ್ ಅವರು ಒಪ್ಪಂದಕ್ಕೆ ಕಾನೂನಿನ ದೃಷ್ಟಿಯಲ್ಲಿ ಯಾವ ಬೆಲೆಯೂ ಇಲ್ಲವೆಂದು ತೀರ್ಪಿತ್ತರು. ಸುಮಾರು ಒಂದು ಶತಮಾನ ಕಾಲ ಮಾವೋರಿ ಪಾಠ ಬದುಕಿದ್ದು ಮಾವೋರಿಗಳ ನೆನಪಿನಲ್ಲಿ ಮತ್ತು ಅವರ ಅರ್ಜಿಗಳಲ್ಲಿ.

1975ರ ಕಾಯಿದೆಯು ವೈತಂಗಿ ನ್ಯಾಯಮಂಡಳಿಯನ್ನು ಸ್ಥಾಪಿಸಿ, ಎರಡು ಪಾಠಗಳ ಆಧಾರದಲ್ಲಿ ಒಪ್ಪಂದದ ಅರ್ಥವನ್ನು ನಿರ್ಧರಿಸುವ ಮತ್ತು ಅವುಗಳ ವ್ಯತ್ಯಾಸದಿಂದ ಏಳುವ ಪ್ರಶ್ನೆಗಳನ್ನು ತೀರ್ಮಾನಿಸುವ ಅಧಿಕಾರವನ್ನು ಅದಕ್ಕೆ ನೀಡಿತು. 1985ರ ತಿದ್ದುಪಡಿಯಿಂದ 1840ರವರೆಗಿನ ದೂರುಗಳನ್ನೂ ಅದು ವಿಚಾರಿಸುವಂತಾಯಿತು. ಇದರ ಫಲಗಳಲ್ಲಿ ಒಂದು ನೇರವಾಗಿ ಭಾಷೆಗೆ ಸಂಬಂಧಿಸಿದ್ದು. ಮಾವೋರಿ ಭಾಷೆಯೂ ಎರಡನೆಯ ವಿಧಿಯಲ್ಲಿ ಹೇಳಿದ 'ತಾಓಂಗ' ಎಂದು 1986ರಲ್ಲಿ ಮಂಡಳಿ ವರದಿ ನೀಡಿತು. 1987ರಲ್ಲಿ ಮಾವೋರಿ ಅಧಿಕೃತ ಭಾಷೆಯಾಯಿತು. ಆಂಗ್ಲ ಪಾಠದ ಆಸ್ತಿಪಟ್ಟಿಯಿಂದ ಈ ನಿರ್ಣಯಕ್ಕೆ ಬರುವುದು ಕಷ್ಟ. ಯಾವ ಪದವನ್ನು ಸಡಿಲ ಅನುವಾದವೆಂದು ಹೇಳಬಹುದಿತ್ತೋ ಅದೇ ಒಂದು ಭಾಷೆಗೆ ಆಸರೆಯಾಯಿತು.

ಆದರೆ ಅದೇ ಕಾಯಿದೆ 'ಒಪ್ಪಂದದ ತತ್ತ್ವಗಳು' ಎಂಬ ಪರಿಕಲ್ಪನೆಯನ್ನೂ ಶಾಸನದ ಭಾಷೆಗೆ ತಂದಿತು. 1987ರಲ್ಲಿ ಸರ್ಕಾರಿ ಭೂಮಿಯ ವರ್ಗಾವಣೆಯನ್ನು ಕುರಿತ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವು ಅಕ್ಷರಕ್ಕಿಂತ ತತ್ತ್ವ ಮುಖ್ಯವೆಂಬ ನಿಲುವಿನಿಂದ ಪಾಲುದಾರಿಕೆ, ಸದ್ಭಾವನೆ ಮುಂತಾದವನ್ನು ಒಪ್ಪಂದದಿಂದ ಹೊರತೆಗೆಯಿತು. ಅದರಿಂದ ಮಾವೋರಿಗಳಿಗೆ ದೊರೆತ ರಕ್ಷಣೆ ನಿಜವಾದದ್ದು. ಆದರೂ ಭಾಷಾವಿಜ್ಞಾನದ ದೃಷ್ಟಿಯಿಂದ ನೋಡಿದರೆ 'ತತ್ತ್ವ'ವು ಎರಡೂ ಪಾಠಗಳನ್ನು ಮೂಲವಾಗಿಟ್ಟುಕೊಂಡು ಮಾಡಿದ ಮೂರನೆಯ ಅನುವಾದ. ಅದು ಭಾಷೆಯಾಚೆಗಿನ ಸಾರವೆಂದು ತನ್ನನ್ನು ಮಂಡಿಸಿಕೊಳ್ಳುತ್ತದೆ, ಆದರೆ ಬರೆಯಲ್ಪಡುವುದು ಆಂಗ್ಲದಲ್ಲಿ. ಪದಗಳಿಂದ ಬಿಡಿಸಿದ ಸಾರಕ್ಕೆ ಯಾವ ಪದಗಳನ್ನಾದರೂ ತೊಡಿಸಬಹುದು. 2024ರ ಮಸೂದೆ ಮಾಡಹೊರಟಿದ್ದು ಅದನ್ನೇ: ತತ್ತ್ವಗಳು ಅಸ್ಪಷ್ಟವಾಗಿವೆ, ಆದ್ದರಿಂದ ಸಂಸತ್ತೇ ಅವನ್ನು ಸ್ಪಷ್ಟಪಡಿಸಲಿ ಎಂಬುದು ಅದರ ತರ್ಕ. 'ತತ್ತ್ವ'ದ ದಾರಿ ತೆರೆದವರ ಉದ್ದೇಶಕ್ಕೂ ಈ ಮಸೂದೆಯ ಉದ್ದೇಶಕ್ಕೂ ಅಜಗಜಾಂತರವಿದೆ. ಆದರೆ ಪಾಠವನ್ನು ಬಿಟ್ಟು ಮುಂದೆ ಹೋಗುವ ವಿಧಾನ ಎರಡಕ್ಕೂ ಸಮಾನ.

ಇದಕ್ಕೆ ಪ್ರತಿಯಾದ ವಿಧಾನದ ನಿದರ್ಶನಗಳೂ ಅಲ್ಲಿಯೇ ಇವೆ. ಮಾನವಶಾಸ್ತ್ರಜ್ಞ ಹ್ಯೂ ಕಾಫರು ಅವರು 1980ರ ದಶಕದಲ್ಲಿ ಮಾವೋರಿ ಪಾಠವನ್ನು ಆಂಗ್ಲಕ್ಕೆ ಮರಳಿ ಅನುವಾದಿಸಿದರು. 'ಕಾವನತಂಗ'ವನ್ನು ಆಡಳಿತವೆಂದೂ 'ತಿನೊ ರಂಗತಿರತಂಗ'ವನ್ನು ಮುಖ್ಯಸ್ಥಿಕೆಯ ನಿರ್ಬಂಧರಹಿತ ನಿರ್ವಹಣೆಯೆಂದೂ ಅವರು ಅರ್ಥೈಸಿದರು. ಆಂಗ್ಲ ಓದುಗನು ತನ್ನ ಭಾಷೆಯಲ್ಲಿಯೇ ಇನ್ನೊಂದು ಒಪ್ಪಂದವನ್ನು ಓದಬೇಕಾಯಿತು. ನಿರಂಜನ ಅವರು ಸೂಚಿಸಿದ ಮರುಅನುವಾದ ಇಲ್ಲಿ ನ್ಯಾಯಾಲಯದ ಸಾಧನವಾಗಿದೆ. 2014ರಲ್ಲಿ ನ್ಯಾಯಮಂಡಳಿಯು 1835ರ ಘೋಷಣೆಯನ್ನೂ 1840ರ ಮಾತುಕತೆಯನ್ನೂ ಕೂಡಿಸಿ ಓದಿ, ಫೆಬ್ರವರಿಯಲ್ಲಿ ಸಹಿ ಹಾಕಿದ ಉತ್ತರದ ಮುಖ್ಯಸ್ಥರು ಸಾರ್ವಭೌಮತ್ವವನ್ನು ಬಿಟ್ಟುಕೊಡಲಿಲ್ಲ ಎಂಬ ನಿರ್ಣಯಕ್ಕೆ ಬಂದಿತು. ಈ ನಿರ್ಣಯದ ಬಲವಿರುವುದು ಪಾಠ ಮತ್ತು ಸಂದರ್ಭಗಳ ಓದಿನಲ್ಲಿ.

7. ಒಂದು ಆಕ್ಷೇಪ

ಎರಡು ಪಾಠಗಳನ್ನು ಎರಡಾಗಿಯೇ ಉಳಿಸಬೇಕೆಂಬ ನಮ್ಮ ನಿಲುವಿಗೆ ಗಂಭೀರವಾದ ಆಕ್ಷೇಪವೊಂದಿದೆ. ಬಗೆಹರಿಯದ ಅಸ್ಪಷ್ಟತೆ ಯಾವಾಗಲೂ ಬಲವಂತನಿಗೇ ಅನುಕೂಲ. ಪಾಠಗಳ ಚರ್ಚೆ ನಡೆಯುತ್ತಿರುವಾಗ ಭೂಮಿ ಕೈಬದಲಾಗುತ್ತದೆ. ಭಾರತದ ಚರಿತ್ರೆಯೂ ಈ ಆಕ್ಷೇಪವನ್ನು ಪುಷ್ಟೀಕರಿಸುತ್ತದೆ. 1765ರಲ್ಲಿ ಮೊಗಲ್ ಬಾದಶಹ ಷಾ ಆಲಂ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟದ್ದು ಬಂಗಾಳದ ದಿವಾನಿ, ಅಂದರೆ ಕಂದಾಯಾಡಳಿತ. ಸೀಮಿತ ಅರ್ಥದ ಆ ಪದ ಸಾಮ್ರಾಜ್ಯವನ್ನು ತಡೆಯಲಿಲ್ಲ. 1799ರ ಒಪ್ಪಂದದಿಂದ ಮರುಸ್ಥಾಪಿತವಾದ ಮೈಸೂರು ರಾಜ್ಯದ ಆಡಳಿತವನ್ನು 1831ರಲ್ಲಿ ಕಂಪನಿ ವಹಿಸಿಕೊಂಡಿತು. ಅದು ಒಡೆಯರಿಗೆ ಮರಳಿದ್ದು 1881ರಲ್ಲಿ. ನಾವು ಮೇಲೆ ಕೊಟ್ಟ 'ದಿವಾನಗಿರಿ'ಯ ಹೋಲಿಕೆಯು ಅರ್ಥವನ್ನು ತಿಳಿಸುತ್ತದೆ, ಆದರೆ ಅರ್ಥಕ್ಕೆ ರಕ್ಷಣೆ ಕೊಡುವುದಿಲ್ಲ.

ಇಥಿಯೋಪಿಯಾದ ಪ್ರಕರಣ ಈ ಆಕ್ಷೇಪದ ಇನ್ನೊಂದು ಮುಖ. 1889ರ ವುಚಾಲೆ ಒಪ್ಪಂದದ 17ನೆಯ ವಿಧಿಯ ಅಮ್ಹಾರಿಕ್ ಪಾಠದಂತೆ ಸಾಮ್ರಾಟ ಮೆನೆಲಿಕ್ ವಿದೇಶ ವ್ಯವಹಾರಕ್ಕೆ ಇಟಲಿಯ ನೆರವನ್ನು ಬಳಸಬಹುದಿತ್ತು. ಇಟಾಲಿಯನ್ ಪಾಠದಂತೆ ಬಳಸಲೇಬೇಕಿತ್ತು. ಒಂದು ಕ್ರಿಯಾಪದದ ಅರ್ಥಛಾಯೆ ಒಂದು ದೇಶವನ್ನು ರಕ್ಷಿತರಾಜ್ಯವನ್ನಾಗಿಸಿತು ಎಂದು ಇಟಲಿ ಸಾಧಿಸಹೊರಟಿತು. ಪ್ರಶ್ನೆ ತೀರ್ಮಾನವಾದದ್ದು 1896ರ ಮಾರ್ಚ್ 1ರಂದು ಅದ್ವಾ ರಣರಂಗದಲ್ಲಿ. ಅದೇ ವರ್ಷದ ಆಡಿಸ್ ಅಬಾಬಾ ಒಪ್ಪಂದ ವುಚಾಲೆಯನ್ನು ರದ್ದುಪಡಿಸಿತು. ಅಲ್ಲಿ ಪಾಠಭೇದವನ್ನು ಸೈನ್ಯ ಬಗೆಹರಿಸಿತು. ಮಾವೋರಿಗಳಿಗೆ ಅದ್ವಾದಂತಹ ವಿಜಯ ದೊರೆಯಲಿಲ್ಲ. ಆದ್ದರಿಂದ ಅವರಿಗೆ ಪಾಠವೇ ಉಳಿದ ಸಾಧನವಾಯಿತು.

ಆಕ್ಷೇಪದ ಸತ್ಯವನ್ನು ಒಪ್ಪಿಯೂ ನಮ್ಮ ಉತ್ತರವಿದು. ಅಸ್ಪಷ್ಟತೆ ಬಲವಂತನಿಗೆ ಅನುಕೂಲವಾದದ್ದು ಎರಡು ಪಾಠಗಳಿದ್ದುದರಿಂದ ಅಲ್ಲ. ಒಂದನ್ನು ಮಾತ್ರ ಓದಿದ್ದರಿಂದ. 1840ರಿಂದ 1975ರವರೆಗಿನ ಆಡಳಿತದಲ್ಲಿ ಅಸ್ಪಷ್ಟತೆಯೇ ಇರಲಿಲ್ಲ, ಆಂಗ್ಲ ಪಾಠದ ಸ್ಪಷ್ಟತೆಯಿತ್ತು. ಎರಡನೆಯ ಪಾಠವನ್ನು ಓದಲು ತೊಡಗಿದ ಮೇಲೆಯೇ ಮಾತುಕತೆ ಸಾಧ್ಯವಾಯಿತು. ಅಂತರವನ್ನು ಉಳಿಸಬೇಕೆನ್ನುವಾಗ ತೀರ್ಪನ್ನು ಮುಂದೂಡಬೇಕೆಂದು ನಾವು ಹೇಳುತ್ತಿಲ್ಲ. ಸಂದಿಗ್ಧ ಬಂದಾಗ ಪತ್ರವನ್ನು ರಚಿಸಿದವನ ವಿರುದ್ಧವಾಗಿ ಅರ್ಥೈಸಬೇಕೆಂಬ 'ರಚನಕಾರ ವಿರೋಧ' ನಿಯಮದಡಿಯೂ, ಸಹಿ ಬಿದ್ದ ಪಾಠಕ್ಕೆ ಹೆಚ್ಚು ತೂಕವೆಂಬ ವಿವೇಕದಿಂದಲೂ ತೀರ್ಪುಗಳು ಸಾಧ್ಯ. ಆದರೆ ಎರಡನ್ನೂ ಮೂರನೆಯದೊಂದರಲ್ಲಿ ಕರಗಿಸಿದರೆ ತೀರ್ಪಿನ ನಂತರ ಮತ್ತೆ ಪ್ರಶ್ನಿಸಲು ನೆಲೆಯಿರುವುದಿಲ್ಲ.

8. ಸಮಾರೋಪ

ಈ ಪರಿಶೀಲನೆಯಿಂದ ಅನುವಾದ ಚಿಂತನೆಗೆ ಮೂರು ಸೂಚನೆಗಳು ದೊರೆಯುತ್ತವೆ. ಸಂಘರ್ಷದ ಪಾಠಗಳ ವಿಶ್ಲೇಷಣೆಯಲ್ಲಿ 'ಮೂಲ' ಯಾವುದೆಂಬುದನ್ನು ತೀರ್ಮಾನಿಸಬೇಕಾದದ್ದು ಕಾಲಕ್ರಮದಿಂದಲ್ಲ, ಸಮ್ಮತಿಯ ಭಾಷೆಯಿಂದ. ಪದದ ಅರ್ಥವನ್ನು ಆಧುನಿಕ ನಿಘಂಟಿನಲ್ಲಿ ಹುಡುಕುವ ಬದಲು ಸಹಿ ಹಾಕಿದವರಿಗೆ ಪರಿಚಿತವಾಗಿದ್ದ ಪೂರ್ವಬಳಕೆಗಳಲ್ಲಿ ಹುಡುಕಬೇಕು. 1835ರ ಘೋಷಣೆ ಮತ್ತು ಮಿಷನ್ ಸುವಾರ್ತೆಗಳು ಇಲ್ಲಿ ಒದಗಿಸಿದ ಸಾಕ್ಷ್ಯ ಅಂಥದು. ಕೊನೆಯದಾಗಿ, 'ಸಾರ', 'ಆಶಯ', 'ತತ್ತ್ವ' ಎಂಬ ಹೆಸರಿನಲ್ಲಿ ಪಾಠವನ್ನು ಬಿಟ್ಟು ಮುಂದೆ ಸಾಗುವ ಪ್ರತಿ ನಡೆಯನ್ನೂ ಅನುವಾದವೆಂದೇ ಪರಿಗಣಿಸಿ, ಅದು ಯಾವ ಭಾಷೆಯಲ್ಲಿ, ಯಾರ ಸಮ್ಮತಿಯಿಂದ ಆಯಿತೆಂದು ಕೇಳಬೇಕು.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರಿಗೂ ಇದು ಅನ್ವಯಿಸುತ್ತದೆ. ವೈತಂಗಿ ನಮಗೆ ತಲುಪುವುದು ಆಂಗ್ಲದ ಮೂಲಕ. ಸಂಶೋಧನ ಬರಹಗಳಲ್ಲಿ 'ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟರು' ಎಂಬ ವಾಕ್ಯ ಎಚ್ಚರವಿಲ್ಲದೆ ಬಂದುಬಿಡುತ್ತದೆ. ಆ ವಾಕ್ಯದೊಂದಿಗೆ ನಾವೂ ಒಂದು ಪಾಠದ ಪಕ್ಷ ವಹಿಸಿರುತ್ತೇವೆ. ಒಡೆತನ, ಯಜಮಾನಿಕೆ, ಅರಸೊತ್ತಿಗೆ, ದಿವಾನಗಿರಿ ಎಂಬ ಪದಗಳ ನಡುವಿನ ಅಂತರವನ್ನು ಕನ್ನಡ ಬಲ್ಲುದು. ಆ ಅಂತರವನ್ನು ಬಳಸಿಕೊಂಡರೆ, ಆಂಗ್ಲದ ಮಧ್ಯಸ್ಥಿಕೆಯಿದ್ದೂ ಮಾವೋರಿ ಪಾಠ ಹೇಳುವುದನ್ನು ಕನ್ನಡದಲ್ಲಿ ಹೇಳಲು ಸಾಧ್ಯ. ಅಷ್ಟನ್ನು ಮಾಡದೆ ವಸಾಹತುಶಾಹಿಯ ಅನುವಾದವನ್ನು ಖಂಡಿಸುವುದು ಅದೇ ಅನುವಾದವನ್ನು ಇನ್ನೊಂದು ಭಾಷೆಯಲ್ಲಿ ಮುಂದುವರಿಸಿದಂತೆ.